ಸಾವಿರ ಸಲದ ಸಾಲು

ಊರಿನವರು ಅವರನ್ನು ಆಯ್ತಪ್ಪ ಎಂದು ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ಮತದಾರರ ಪಟ್ಟಿಯಲ್ಲಿ ಮಾತ್ರ, ಅದೂ ಒಂದಕ್ಷರ ತಪ್ಪಾಗಿ, ಬದುಕಿಕೊಂಡಿತ್ತು. ಯಾರು ಏನು ಕೇಳಿದರೂ ‘ಆಯ್ತು’ ಎನ್ನುವುದು ಅವರ ಬಾಯಿಗೆ ಅಂಟಿಕೊಂಡ ಗುಣ. ಕೇಳಿದ್ದು ಪೂರ್ತಿ ಕಿವಿಗೆ ಬೀಳುವ ಮೊದಲೇ ಅದು ಹೊರಟುಬಿಡುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಪಕ್ಕದವನು, “ಸ್ವಲ್ಪ ನನ್ನ ಟ್ರಂಕು ನೋಡ್ಕೊಳ್ತೀರಾ?” ಎಂದು ಕೇಳಿ ಹಿಂದಿನ ಸೀಟಿಗೆ ಹೋಗಿ ಮಲಗಿದ. ಇವರು ಆಯ್ತು ಎಂದವರು, ತಾವು ಇಳಿಯಬೇಕಾದ ಊರು ಕಣ್ಣೆದುರೇ ಹಾದುಹೋದರೂ ಎದ್ದೇಳದೆ, ಬಸ್ಸಿನ ಕೊನೆಯ ನಿಲ್ದಾಣದವರೆಗೂ ಟ್ರಂಕನ್ನು ನೋಡಿಕೊಂಡೇ ಹೋದರು.

ಇಂಥವರ ಸೊಂಟದಲ್ಲಿ ಊರಿನ ಹಿಟ್ಟಿನ ಗಿರಣಿಯ ಬೀಗದ ಕೈ ಇತ್ತು. ಗಿರಣಿ ಅವರದ್ದಲ್ಲ, ಹೆಂಡತಿಯ ಅಣ್ಣನದ್ದು. ಆ ಭಾವ ಎರಡು ತಾಸಿನ ದಾರಿಯ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದರು. ಆಯ್ತಪ್ಪನವರು ಹೆಂಡತಿಯ ಊರಿಗೇ ಬಂದು ನೆಲೆಸಿದವರಾದ್ದರಿಂದ ಅಲ್ಲಿನ ಹಿರಿಯರಿಗೆಲ್ಲ ಅವರು ‘ಅಳಿಯಂದ್ರು’. ಗಿರಣಿಯ ಕೆಲಸದಲ್ಲಿ ಮಾತ್ರ ಅಳಿಯಂದ್ರ ಕಡೆಗೆ ಬೆರಳು ತೋರಿಸುವ ಹಾಗಿರಲಿಲ್ಲ. ಕಲ್ಲಿನ ಸದ್ದು ಕೇಳಿಯೇ ಒಳಗೆ ಬಿದ್ದಿರುವುದು ಗೋಧಿಯೋ ಜೋಳವೋ ಎಂದು ಹೇಳುತ್ತಿದ್ದರು. ಬೀಳುವ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ, ತಲೆ ಓರೆ ಮಾಡಿ ಯೋಚಿಸಿ, ಕಲ್ಲನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದರು. ತೊಂದರೆಯೆಲ್ಲ ಇದ್ದದ್ದು ಕಲ್ಲಿನಿಂದ ಹೊರಗೆ, ಅಂಗಳದಲ್ಲಿ, ಡಬ್ಬಿಗಳ ಸಾಲಿನಲ್ಲಿ.

ಮೋಟಾರು ತಿರುಗಿಸುವಷ್ಟು ಬಲದ ಕರೆಂಟು ಆ ಊರಿಗೆ ಸೋಮವಾರ ಹತ್ತರಿಂದ ಒಂದು ಗಂಟೆಯವರೆಗೆ ಮಾತ್ರ ಬರುತ್ತಿತ್ತು. ಬಂದದ್ದು ತಿಳಿಯಲೆಂದು ಗಿರಣಿಯ ಬಾಗಿಲ ಮೇಲೆ ಒಂದು ಕೆಂಪು ದೀಪ ಕಟ್ಟಿದ್ದರು. ಆ ಮೂರು ಗಂಟೆಯಲ್ಲಿ ಎಂಟು ಮನೆಯ ಎಂಟು ಡಬ್ಬಿ ಬೀಸಿ ಮುಗಿಸಬಹುದಿತ್ತು. ಯಾರೂ ಬಾಯಿ ತೆರೆಯದಿದ್ದರೆ. ಆದರೆ ಮೊದಲು ಬೀಸಿಸಿಕೊಂಡವರು ಬೇಗ ಮನೆ ಸೇರುತ್ತಿದ್ದರು, ಕೊನೆಯವರ ಡಬ್ಬಿಗೆ ಕೈ ಹಾಕುವ ಹೊತ್ತಿಗೆ ಕೆಂಪು ದೀಪ ಆರುವುದೂ ಇತ್ತು. ಹಾಗಾಗಿ ಎಲ್ಲರ ಬಾಯಿಯೂ ತೆರೆದೇ ಇರುತ್ತಿತ್ತು.

ಇನ್ನೊಂದು ತೊಡಕು ಮೆಣಸಿನಕಾಯಿಯದು. ಗಿರಣಿಗಿದ್ದದ್ದು ಒಂದೇ ಜೊತೆ ಕಲ್ಲು. ಮೆಣಸಿನಕಾಯಿಯ ಬೆನ್ನಿಗೆ ಯಾರ ಗೋಧಿ ಬೀಳುತ್ತದೋ ಅವರ ಮನೆಯಲ್ಲಿ ಎರಡು ದಿನ ಗಂಡಹೆಂಡಿರು ಜಗಳವಾಡದೆಯೇ ಕಣ್ಣೊರೆಸಿಕೊಳ್ಳುತ್ತಿದ್ದರು. ಮಂಗಳವಾರದ ಸಂತೆಯಲ್ಲಿ ಮೆಣಸಿನ ಪುಡಿ ಮಾರಿ ಬದುಕುತ್ತಿದ್ದ ಮುದುಕಿಯೊಬ್ಬಳಿದ್ದಳು, ಎಲ್ಲರಿಗೂ ಖಾರದಮ್ಮ. ಅವಳು ಈ ಸಂಗತಿ ತಿಳಿದವಳಾಗಿ, ಯಾರೂ ಹೇಳದೆಯೇ, ತನ್ನ ಡಬ್ಬಿಯನ್ನು ಸಾಲಿನ ಕೊನೆಗೆ ಇಟ್ಟುಕೊಂಡು ಕೂರುತ್ತಿದ್ದಳು. ಮುಂದಿನವರು ಜಗಳವಾಡಿದಷ್ಟು ಹೊತ್ತೂ ಕತ್ತರಿ ಬೀಳುತ್ತಿದ್ದದ್ದು ಅವಳ ಸರದಿಗೆ. ಎರಡು ಸೋಮವಾರ ಅವಳು ಬೀಸದ ಮೆಣಸಿನಕಾಯಿಯನ್ನು ಹೊತ್ತುಕೊಂಡು ಹಿಂದಿರುಗಿದ್ದಳು. ಎರಡು ಮಂಗಳವಾರ ಸಂತೆಗೆ ಹೋಗಿರಲಿಲ್ಲ. ಆದರೂ ದೂರು ಹೇಳಿರಲಿಲ್ಲ.

ದೂರು ಹೇಳಿದವರು ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾದರೂ ಅವರಿಗೆ ಊರೆಲ್ಲ ಇನ್ನೂ ಐದನೆಯ ತರಗತಿಯಂತೆಯೇ ಕಾಣುತ್ತಿತ್ತು. ಆ ಸೋಮವಾರ ನಡೆದದ್ದಿಷ್ಟೆ: ಹಿಂದಿನ ವಾರವೆಲ್ಲ ದಾರಿಯಲ್ಲಿ ಸಿಕ್ಕಿದವರು ಒಬ್ಬೊಬ್ಬರಾಗಿ, “ಈ ಸಲ ನಂದೇ ಮೊದಲು ಹಾಕ್ಬಿಡಿ” ಎಂದು ಆಯ್ತಪ್ಪನವರನ್ನು ಕೇಳಿದ್ದರು. ಆಯ್ತಪ್ಪನವರು ಏನು ಹೇಳಿರಬಹುದೆಂದು ಬೇರೆ ಹೇಳಬೇಕಾಗಿಲ್ಲ. ಹತ್ತು ಗಂಟೆಗೆ ಐದು ಜನ ಐದು ಡಬ್ಬಿಯನ್ನು ಸಾಲಿನ ಮೊದಲ ಜಾಗ ಒಂದರಲ್ಲೇ ಇಡಲು ನೋಡಿದರು.

“ಮೇಷ್ಟ್ರೇ, ಡಬ್ಬಿ ತೆಗೀರಿ. ಅಳಿಯಂದ್ರು ಶುಕ್ರವಾರವೇ ನಂಗೆ ಮಾತು ಕೊಟ್ಟಿದ್ದಾರೆ,” ಎಂದ ದರ್ಜಿ.

“ನನಗೆ ಬುಧವಾರ ಕೊಟ್ಟಿದ್ದಾರೆ. ಬುಧವಾರ ಮೊದಲೋ, ಶುಕ್ರವಾರ ಮೊದಲೋ? ಕೈಬೆರಳು ಮಡಚಿ ಹೇಳು.”

“ಏನ್ ಅಳಿಯಂದ್ರೇ, ಇಬ್ಬರಿಗೂ ಹೇಳಿದ್ರಾ?”

ಆಯ್ತಪ್ಪನವರು ಗಿರಣಿಯ ಬೆಲ್ಟಿಗೆ ಎಣ್ಣೆಯ ಬಟ್ಟೆ ಉಜ್ಜುತ್ತ, “ಅದು… ಇಬ್ಬರೂ ಕೇಳಿದ್ರಲ್ಲ,” ಎಂದರು.

ಅಂದು ಬೀಸಿದ್ದು ಮೂರೇ ಡಬ್ಬಿ. ಮರುದಿನವೇ ಮೇಷ್ಟ್ರು ಪೇಟೆಗೆ ಒಂದು ಕಾಗದ ಬರೆದು ಹಾಕಿದರು. ಕಾಗದದಲ್ಲಿ ಐದು ಅಂಶಗಳಿದ್ದವು, ಪ್ರತಿ ಅಂಶದ ಕೆಳಗೆ ಗೆರೆ ಎಳೆದಿತ್ತು. ಗುರುವಾರ ಭಾವನ ಫೋನು ಬಂತು. ತಂಗಿಯ ಗಂಡನಾದ್ದರಿಂದ ಭಾವ ಎಷ್ಟು ಸಿಟ್ಟು ಬಂದರೂ ಬಹುವಚನ ಬಿಡುತ್ತಿರಲಿಲ್ಲ. ಮರ್ಯಾದೆಯಿಂದಲೇ ಮರ್ಯಾದೆ ತೆಗೆಯುವುದು ಅವರ ಕ್ರಮ.

“ನೋಡಿ, ನಿಮ್ಮಂಥ ದಡ್ಡರನ್ನ ನಾನು ನೋಡಿಲ್ಲ ಅಂತ ನಾನು ಹೇಳಲ್ಲ, ಯಾಕಂದ್ರೆ ನೀವು ನಮ್ಮ ಮನೆ ಅಳಿಯಂದ್ರು. ಬರೋ ಸೋಮವಾರ ನಾನೇ ಬರ್ತೀನಿ. ಅಂಗಳದಲ್ಲಿ ಜಗಳ ಕಂಡ್ರೆ ಬೀಗದ ಕೈ ಕೊಟ್ಟುಬಿಡಿ. ಗಿರಣೀನ ಬೇರೆಯವರಿಗೆ ವಹಿಸ್ತೀನಿ. ನೀವಿಬ್ಬರೂ ಇಲ್ಲೇ ಬಂದು ನಮ್ಮನೇಲಿ ಇರಿ, ಅಂಗಡೀಲಿ ಗೊಬ್ಬರದ ಚೀಲ ಜೋಡಿಸ್ಕೊಂಡಿರಿ.”

“ಆಯ್ತು ಭಾವ,” ಎಂದರು ಆಯ್ತಪ್ಪನವರು.

ಫೋನು ಇಟ್ಟ ಕೂಡಲೇ ಅಡಿಗೆಮನೆಯಿಂದ ಹೆಂಡತಿ ಹೊರಬಂದಳು. “ಏನ್ರೀ ಆಯ್ತು? ನಮ್ಮ ಅತ್ತಿಗೆ ಮನೇಲಿ ಲೋಟ ಕವುಚಿಡೋಕೂ ಒಂದು ದಿಕ್ಕಿದೆ. ತಪ್ಪಿದ್ರೆ ತೊಳೆದದ್ದನ್ನೇ ಮತ್ತೆ ತೊಳೀಬೇಕು. ನಾನು ಸತ್ರೂ ಬರಲ್ಲ. ನೀವು ಹೋಗಿ ಚೀಲ ಜೋಡಿಸ್ಕೊಳ್ಳಿ, ನಾನು ಇಲ್ಲೇ ಗಿರಣಿ ಕಲ್ಲು ಕಾದುಕೊಂಡು ಬಿದ್ದಿರ್ತೀನಿ.”

“ಕಲ್ಲು ಬೇರೆಯವರಿಗೆ ಹೋಗುತ್ತಂತಲ್ಲೇ…”

“ಹೋಗದ ಹಾಗೆ ಏನಾದ್ರೂ ಮಾಡ್ರೀ! ಬಾಯಲ್ಲಿ ಇಲ್ಲ ಅನ್ನೋದು ಬರಲ್ಲ, ತಲೇಲಾದ್ರೂ ಒಂದು ಉಪಾಯ ಬರಬಾರದಾ?”

ಉಪಾಯ ಬಂದದ್ದು ನಡುಮನೆಯಿಂದ. ಹೆಂಡತಿಯ ಅಕ್ಕನ ಮಗಳು ರಜೆಗೆಂದು ಬಂದಿದ್ದಳು. ಕಂಪ್ಯೂಟರ್ ಓದುವ ಹುಡುಗಿ. ಕಾಲೇಜಿನಲ್ಲಿ ಕೊಟ್ಟ ಒಂದು ಒಗಟನ್ನು ಎದುರಿಟ್ಟುಕೊಂಡು ಮೂರು ದಿನದಿಂದ ಲ್ಯಾಪ್‌ಟಾಪಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಲ್ಯಾಪ್‌ಟಾಪು ಬಿಸಿಯಾಗಿ ಹುಯ್ಯೋ ಎನ್ನುತ್ತಿತ್ತು.

“ಏನಮ್ಮಾ ಅದು, ಕಲ್ಲು ಬಿಗಿಯಾದ ಹಾಗೆ ಸದ್ದು ಮಾಡ್ತಿದೆ?” ಎಂದು ಆಯ್ತಪ್ಪನವರು ಪಕ್ಕದಲ್ಲಿ ಕೂತರು.

“ಸಾಲು ಬದಲಾಯಿಸೋ ಲೆಕ್ಕ ಚಿಕ್ಕಪ್ಪ.” ಅವಳು ಚಿಕ್ಕಮ್ಮನ ಹೊಲಿಗೆ ಡಬ್ಬಿಯಿಂದ ಎಂಟು ಗುಂಡಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. “ಸಾಲನ್ನ ನಡುವೆ ಮುರಿಯೋದು. ಮುಂದಿನ ನಾಲ್ಕು, ಹಿಂದಿನ ನಾಲ್ಕು. ಈಗ ಇದರಲ್ಲೊಂದು, ಅದರಲ್ಲೊಂದು, ಇದರಲ್ಲೊಂದು, ಅದರಲ್ಲೊಂದು. ಜಡೆ ಹೆಣೆದ ಹಾಗೆ. ಹೊಸ ಸಾಲು ಬಂತಲ್ಲ? ಅದನ್ನ ಮತ್ತೆ ನಡುವೆ ಮುರಿದು ಮತ್ತೆ ಹೆಣೆಯೋದು. ನನ್ನ ಲೆಕ್ಕದಲ್ಲಿ ಸಾಲು ತುಂಬಾ ಉದ್ದ. ನೂರು ಕೋಟಿ ಸಲ ಹೆಣೆದ ಮೇಲೆ ಯಾರು ಎಲ್ಲಿರ್ತಾರೆ ಅಂತ ಹೇಳ್ಬೇಕು. ಇದು ನಿನ್ನೆಯಿಂದ ತಿರುಗ್ತಾನೇ ಇದೆ, ಮುಗೀತಾ ಇಲ್ಲ.”

ಆಯ್ತಪ್ಪನವರು ಗುಂಡಿಗಳನ್ನು ನೋಡಿದರು. ಎರಡನೆಯದು ಮೂರನೆಯ ಜಾಗಕ್ಕೆ ಹೋಗಿತ್ತು, ಐದನೆಯದು ಎರಡನೆಯ ಜಾಗಕ್ಕೆ ಬಂದಿತ್ತು. ಒಂದೇ ಸಲಕ್ಕೆ ಇಷ್ಟು ಕಲಸಿಹೋಗುವುದಾದರೆ ನೂರಾರು ಸಲಕ್ಕೆ ಏನಾದೀತು! ಆಗ ಯಾರ ಡಬ್ಬಿ ಎಲ್ಲಿ ನಿಂತರೂ ನಿಲ್ಲಿಸಿದವರು ಆಯ್ತಪ್ಪನವರಲ್ಲ, ಲೆಕ್ಕ. ಲೆಕ್ಕದ ಮೇಲೆ ಯಾರು ಕಾಗದ ಬರೆಯುತ್ತಾರೆ?

“ಚಿಕ್ಕಪ್ಪ, ಎಲ್ಲಿಗೆ ಹೊರಟ್ರಿ? ಕಾಫಿ ಇಟ್ಟಿದ್ದಾರೆ.”

“ಆಯ್ತು ಆಯ್ತು,” ಎಂದು ಅವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ, ಯಾರೂ ಏನೂ ಕೇಳದಿದ್ದಾಗ ತಾವಾಗಿಯೇ ಮಾತಾಡಿದರು. ಬರುವ ಸೋಮವಾರದಿಂದ ಸಾಲು ಕಂಪ್ಯೂಟರ್ ಕಾನೂನಿನ ಪ್ರಕಾರ ನಿಲ್ಲುವುದೆಂದೂ, ನೂರು ಕೋಟಿ ಸಲ ಕಲಸಿದ ಮೇಲೆ ಬಂದದ್ದೇ ಸರದಿಯೆಂದೂ ಸಾರಿದರು.

ದರ್ಜಿ ಹೊಲಿಗೆಯಂತ್ರದ ಕಾಲು ನಿಲ್ಲಿಸಿದ. “ನೂರು ಕೋಟಿ ಜಾಸ್ತಿ ಆಯ್ತು ಅಳಿಯಂದ್ರೇ. ಒಂದು ನೂರು ಮಾಡ್ಕೊಳ್ಳಿ.”

“ನೂರು ಯಾವ ಮೂಲೆಗೆ?” ಎಂದರು ಬಟನ್ ಹಾಕಿಸಲು ಬಂದು ಕೂತಿದ್ದ ಮೇಷ್ಟ್ರು. “ನೂರು ಸಲ ಅಂದ್ರೆ ಮೋಸ ಮಾಡೋಕೆ ಜಾಗ ಇರುತ್ತೆ. ಹತ್ತು ಸಾವಿರ ಇರಲಿ.”

“ಹತ್ತು ಸಾವಿರ ನ್ಯಾಯ ಯಾರಿಗೆ ಬೇಕು ಮೇಷ್ಟ್ರೇ? ನಮ್ಮ ಎಂಟು ಮನೆಗೆ ಐನೂರು ನ್ಯಾಯ ಸಾಕು.”

“ಸಾವಿರ. ಸಾವಿರಕ್ಕಿಂತ ಒಂದು ಕಡಿಮೆಯಾದ್ರೂ ನಾನು ಒಪ್ಪಲ್ಲ. ಮತ್ತೆ ಇನ್ನೊಂದು. ಆ ಹುಡುಗಿ ಯಂತ್ರದೊಳಗೆ ಏನು ಮಾಡ್ತಾಳೋ ನಮಗೇನು ಗೊತ್ತು? ಅವಳು ನಿಮ್ಮ ಮನೆಯವಳು. ಎಲ್ಲಾ ಕಣ್ಣೆದುರು ನಡೀಬೇಕು. ಡಬ್ಬಿ ಅಂಗಳದಲ್ಲಿರಬೇಕು, ಕೈಯಿಂದ ಹೆಣೀಬೇಕು, ಎಣಿಸೋದು ನಾನು.”

ಇಲ್ಲಿ ಬೇರೆ ಯಾರೇ ಆಗಿದ್ದರೂ ತುಂಬಿದ ಡಬ್ಬಿಯ ಭಾರವನ್ನು ಸಾವಿರದಿಂದ ಗುಣಿಸಿ ನೋಡುತ್ತಿದ್ದರು. ಆಯ್ತಪ್ಪನವರು, “ಆಯ್ತು,” ಎಂದರು.

ಸೋಮವಾರ ಬೆಳಗ್ಗೆ ಏಳು ಗಂಟೆಗೆ ಅಂಗಳದಲ್ಲಿ ಎಂಟು ಡಬ್ಬಿ ಸೇರಿದವು. ಶುರುವಿನ ಸಾಲು ಹೇಗಿರಬೇಕೆಂಬುದಕ್ಕೆ ಜಗಳ ಏಳುವುದರಲ್ಲಿತ್ತು, ಆಯ್ತಪ್ಪನವರು, “ಹೇಗಾದ್ರೂ ಇಡ್ರಪ್ಪ, ಸಾವಿರ ಸಲ ಕಲಸಿದ ಮೇಲೆ ಶುರು ಯಾವುದು ಕೊನೆ ಯಾವುದು!” ಎಂದು ಸಮಾಧಾನ ಮಾಡಿದರು. ಮಾತು ಮುಗಿಯುವುದರೊಳಗೆ ಮೇಷ್ಟ್ರು ತಮ್ಮ ಡಬ್ಬಿಯನ್ನು ಗೇಟಿನ ಬಳಿ ಮೊದಲನೆಯದಾಗಿ ಊರಿದ್ದರು. ಅದರ ಹಿಂದೆ ದರ್ಜಿಯದು. ಸಾಲು ಅಂಗಳದುದ್ದಕ್ಕೂ ಬೆಳೆದು ಗಿರಣಿಯ ಬಾಗಿಲ ಬಳಿ ಖಾರದಮ್ಮನ ಡಬ್ಬಿಯಲ್ಲಿ ಮುಗಿಯಿತು. ಅವಳು ಬಾಗಿಲ ಮೆಟ್ಟಿಲ ಮೇಲೆ, ನೆರಳಿಗೆ, ಮೊಣಕಾಲು ಮಡಚಿ ಕೂತಳು.

“ಅಳಿಯಂದ್ರೇ, ಇವತ್ತಾದ್ರೂ ನಂದು ಆಗುತ್ತಾ? ಮೂರನೇ ಸಂತೆ ತಪ್ಪಿದ್ರೆ ಗಿರಾಕಿಗಳು ನನ್ನ ಮುಖಾನೇ ಮರೀತಾರೆ.”

“ಆಗುತ್ತಮ್ಮ. ಇವತ್ತು ಲೆಕ್ಕ ಇದೆ.”

ಮೇಷ್ಟ್ರು ಗೇಟಿನ ಕಂಬದ ಬಳಿ ಕುರ್ಚಿ ಹಾಕಿಸಿಕೊಂಡು, “ಒಂದನೇ ಸುತ್ತು!” ಎಂದು ಕೂಗಿದರು. ಆಯ್ತಪ್ಪನವರೂ ದರ್ಜಿಯೂ ಡಬ್ಬಿ ಎತ್ತಿದರು. ಒಂದು ಮುಂದಿನ ನಾಲ್ಕರಿಂದ, ಒಂದು ಹಿಂದಿನ ನಾಲ್ಕರಿಂದ. ದರ್ಜಿ ಪ್ರತಿ ಸುತ್ತಿಗೂ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಮೊದಲ ಹತ್ತು ಸುತ್ತು ಚೆನ್ನಾಗಿಯೇ ನಡೆಯಿತು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ನರ್ಸಮ್ಮ ಕೊಡೆ ಮಡಚಿ ನೋಡಿದಳು. ನ್ಯಾಯ ನಡೆಯುವುದನ್ನು ಇಷ್ಟು ಸ್ಪಷ್ಟವಾಗಿ, ಹಿಡಿಯಿರುವ ಡಬ್ಬಿಗಳಲ್ಲಿ, ಆ ಊರು ಹಿಂದೆ ಕಂಡಿರಲಿಲ್ಲ.

ಹದಿನಾಲ್ಕನೆಯ ಸುತ್ತಿನಲ್ಲಿ ದರ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು ಸಾಲನ್ನು ನೋಡಿದ. “ಒಂದು ನಿಮಿಷ. ಮೇಷ್ಟ್ರ ಡಬ್ಬಿ ಇನ್ನೂ ಜಾಗದಿಂದ ಎದ್ದೇ ಇಲ್ಲವಲ್ಲ?”

“ಏಳಬೇಕಾಗಿಲ್ಲ,” ಎಂದರು ಮೇಷ್ಟ್ರು. “ಮುಂದಿನ ಭಾಗದ ಮೊದಲನೇದು ಮೊದಲು. ನಿಯಮ.”

“ಹಾಗಾದ್ರೆ ಸಾವಿರ ಸಲ ಆದ್ರೂ ನೀವೇ ಮೊದಲಾ?”

“ಲೆಕ್ಕ ಹಾಗೆ ಹೇಳಿದ್ರೆ ನಾನೇನು ಮಾಡಲಿ? ಲೆಕ್ಕಕ್ಕೆ ಎದುರು ಹೇಳೋಕೆ ನಾನು ಯಾರು?” ಮೇಷ್ಟ್ರ ಮುಖದಲ್ಲಿ ವಿನಯ ಉಕ್ಕಿ ಹರಿಯುತ್ತಿತ್ತು.

“ಅಳಿಯಂದ್ರೇ, ಇದು ಮೋಸ!”

“ಇನ್ನೂ ಒಂಬೈನೂರ ಎಂಬತ್ತಾರು ಇದೆಯಲ್ಲಪ್ಪ,” ಎಂದರು ಆಯ್ತಪ್ಪನವರು ಬೆವರೊರೆಸಿಕೊಂಡು. “ಮುಂದೆ ಎಲ್ಲಾದ್ರೂ ಕಲಸುತ್ತೆ.”

ಮೆಟ್ಟಿಲ ಮೇಲಿಂದ ಖಾರದಮ್ಮ, “ಅಳಿಯಂದ್ರೇ, ನಾನೊಂದು ಹೇಳ್ತೀನಿ…” ಎಂದಳು.

“ಮಧ್ಯೆ ಯಾರೂ ಮಾತಾಡಬಾರದು. ಎಣಿಕೆ ತಪ್ಪುತ್ತೆ. ಹದಿನೈದನೇ ಸುತ್ತು!” ಎಂದು ಮೇಷ್ಟ್ರು ಅವಳನ್ನು ಕೈಯೆತ್ತಿ ಕೂರಿಸಿದರು. ಅವಳು ಕೂತೇ ಇದ್ದಳು.

ನಲವತ್ತನೆಯ ಸುತ್ತಿಗೆ ದರ್ಜಿ ಅಂಗಿ ಕಳಚಿದ. ಅರವತ್ತನೆಯ ಸುತ್ತಿಗೆ ಆಯ್ತಪ್ಪನವರ ಹೆಂಡತಿ ನೀರು ತಂದು, ಗಂಡನ ಬೆನ್ನನ್ನೂ ಗೋಡೆಯ ಗೆರೆಗಳನ್ನೂ ನೋಡಿ, “ರೀ, ಗೊಬ್ಬರದ ಚೀಲವೇ ಇದಕ್ಕಿಂತ ಹಗುರ ಕಣ್ರೀ,” ಎಂದು ಪಿಸುಗುಟ್ಟಿ ಒಳಗೆ ಹೋದಳು. ಎಪ್ಪತ್ತರ ಹೊತ್ತಿಗೆ ಬಾಗಿಲ ಮೇಲಿನ ಕೆಂಪು ದೀಪ ಹತ್ತಿಕೊಂಡಿತು. ಕರೆಂಟು ಬಂದಿತ್ತು. ಯಾವ ಸೋಮವಾರವೂ ಆಯ್ತಪ್ಪನವರ ಕೈ ಆ ದೀಪಕ್ಕಿಂತ ನಿಧಾನವಾದದ್ದಿರಲಿಲ್ಲ. ಇಂದು ಅವರು ಅದನ್ನು ನೋಡಿಯೂ ಇನ್ನೊಬ್ಬರ ಡಬ್ಬಿಯನ್ನು ಎತ್ತಿಕೊಂಡರು. ಸಾಲು ತೀರ್ಮಾನವಾಗದೆ ಬೀಸುವುದು ಹೇಗೆ?

ಅಷ್ಟರಲ್ಲಿ ಎಣಿಕೆಯೇ ಮುರಿದುಬಿತ್ತು.

“ಎಂಬತ್ಮೂರು,” ಎಂದರು ಮೇಷ್ಟ್ರು.

“ಎಂಬತ್ನಾಲ್ಕು,” ಎಂದ ದರ್ಜಿ. “ಗೋಡೆ ನೋಡಿ.”

“ನೀನು ಒಂದು ಗೆರೆ ಬೆವರು ಒರೆಸಿಕೊಳ್ಳುವಾಗ ಎಳೆದಿದ್ದೀಯ.”

“ನೀವು ಒಂದು ಸುತ್ತು ನಿದ್ದೆ ಮಾಡಿದ್ದೀರಿ. ಗೊರಕೆ ಹಾಲಿನವನಿಗೂ ಕೇಳಿಸಿದೆ. ಕೇಳಿ!”

“ಮೂವತ್ನಾಲ್ಕು ವರ್ಷ ಪಾಠ ಮಾಡಿದವನಿಗೆ ಎಣಿಸೋದು ಹೇಳಿಕೊಡ್ತೀಯೇನೋ? ಹಾಗಾದ್ರೆ ಮೊದಲಿನಿಂದ ಶುರುವಾಗಲಿ!”

ಮೊದಲಿನಿಂದ ಎಂಬ ಮಾತು ಕಿವಿಗೆ ಬಿದ್ದದ್ದೇ ಆಯ್ತಪ್ಪನವರು ಕೈಯಲ್ಲಿದ್ದ ಡಬ್ಬಿಯ ಸಮೇತ ನೆಲದ ಮೇಲೆ ಕೂತುಬಿಟ್ಟರು.

“ಎಂಬತ್ನಾಲ್ಕೇ,” ಎಂದಳು ಖಾರದಮ್ಮ.

ಎಲ್ಲರೂ ತಿರುಗಿದರು.

“ನೀನು ಎಣಿಸಿದ್ಯಾ?” ಎಂದರು ಮೇಷ್ಟ್ರು.

“ನಂಗೆ ನೂರರವರೆಗೆ ಎಣಿಸೋಕೆ ಎಲ್ಲಿ ಬರುತ್ತೆ ಮೇಷ್ಟ್ರೇ? ನಾನು ನನ್ನ ಮುಂದೆ ಯಾರು ಕೂತ್ಕೊಳ್ತಾರೆ ಅಂತ ನೋಡ್ತಿದ್ದೆ. ಬೆಳಗ್ಗೆ ಹಾಲಿನವನ ಡಬ್ಬಿ ಇತ್ತು. ಆಮೇಲೆ ಅಂಚೆಯಣ್ಣಂದು ಬಂತು. ಆಮೇಲೆ ಕಂಡಕ್ಟರ್ ಹೆಂಡ್ತೀದು. ಆಮೇಲೆ ನೋಡಿದ್ರೆ ಮತ್ತೆ ಹಾಲಿನವಂದೇ. ಮತ್ತೆ ಅಂಚೆ, ಮತ್ತೆ ಕಂಡಕ್ಟರು, ಮತ್ತೆ ಹಾಲು. ಬೆಳಗಿನಿಂದ ಈ ಮೂವರನ್ನ ಬಿಟ್ಟು ಇನ್ನೊಂದು ನರಪಿಳ್ಳೆ ನನ್ನ ಪಕ್ಕ ಬಂದಿಲ್ಲ. ಹಾಲಿನವನ ಡಬ್ಬಿ ಬಂದಾಗೆಲ್ಲ ಇಡೀ ಸಾಲು ಏಳು ಗಂಟೆಗೆ ಇದ್ದ ಹಾಗೇ ಇರುತ್ತೆ. ಮೂರು ಸಲಕ್ಕೊಮ್ಮೆ ಹೋದೋರೆಲ್ಲ ಮನೆಗೆ ವಾಪಸ್. ಈಗ ನೋಡಿ, ಹಾಲಿನವಂದೇ ಇದೆ. ಎಂಬತ್ಮೂರು ಹೇಗಾಗುತ್ತೆ?”

ದರ್ಜಿ ಸಾಲಿನ ಉದ್ದಕ್ಕೂ ನಡೆದು, ಒಂದೊಂದು ಡಬ್ಬಿಯನ್ನೂ ಬೆರಳಿನಿಂದ ಮುಟ್ಟಿ, ಹಿಂದಿರುಗಿ ಬಂದು, ತನ್ನ ಅಂಗಿ ಎಲ್ಲಿದೆಯೆಂದು ಹುಡುಕತೊಡಗಿದ.

“ಹದಿನಾಲ್ಕನೇ ಸುತ್ತಲ್ಲೇ ಯಾಕೆ ಹೇಳಲಿಲ್ಲ ನೀನು?”

“ಹೇಳೋಕೆ ಬಂದೆ. ಮೇಷ್ಟ್ರು ಕೂತ್ಕೋ ಅಂದ್ರು. ಕೂತ್ಕೊಂಡೆ.”

ಗಲಾಟೆ ಕೇಳಿ ಹೊರಬಂದಿದ್ದ ಹುಡುಗಿ ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡಳು. “ಅಯ್ಯೋ! ಮೂರಕ್ಕೊಮ್ಮೆ ವಾಪಸ್ ಬರುತ್ತೆ ಅಂದ್ರೆ ಒಂಬೈನೂರ ತೊಂಬತ್ತೊಂಬತ್ತಕ್ಕೂ ವಾಪಸ್ ಬರುತ್ತೆ. ಸಾವಿರದ್ದು ಅಂದ್ರೆ ಬರೀ ಒಂದು ಸುತ್ತು! ಚಿಕ್ಕಪ್ಪ, ಒಂದೇ ಒಂದು ಸಲ ಹೆಣೆದ್ರೆ ಮುಗೀತು! ನಂದೂ ಹೀಗೇ ಎಲ್ಲೋ ವಾಪಸ್ ಬರುತ್ತೆ, ನಾನು ಸುಮ್ನೆ ಪೂರ್ತಿ ತಿರುಗಿಸ್ತಾ ಕೂತಿದ್ದೀನಿ…” ಎಂದು ಖಾರದಮ್ಮನ ಕೈಯನ್ನು ಹಿಡಿದು ಕುಲುಕಿ ಒಳಗೆ ಓಡಿದಳು.

ಆಯ್ತಪ್ಪನವರ ಮುಖಕ್ಕೆ ಜೀವ ಬಂತು. ಎದ್ದು ಡಬ್ಬಿಗೆ ಕೈ ಹಾಕಿದರು. ಆದರೆ ಮೇಷ್ಟ್ರು ಕುರ್ಚಿಯಿಂದ ಎದ್ದು ಅಡ್ಡ ನಿಂತರು.

“ಆಗೋದಿಲ್ಲ. ಸಾವಿರ ಅಂತ ಒಪ್ಪಂದ ಆಗಿದೆ. ಉತ್ತರ ಗೊತ್ತಾಯ್ತು ಅಂತ ಲೆಕ್ಕದ ಹಂತ ಬಿಡೋದಕ್ಕೆ ನಾನು ನನ್ನ ಸರ್ವೀಸಿನಲ್ಲಿ ಯಾರಿಗೂ ಬಿಟ್ಟಿಲ್ಲ. ಉಳಿದದ್ದು ಒಂಬೈನೂರ ಹದಿನಾರು ಸುತ್ತು. ಎಂಬತ್ತೈದನೇ ಸುತ್ತು!”

“ನಿಮ್ಮ ಡಬ್ಬಿ ಅಲ್ಲಾಡೋದಿಲ್ಲವಲ್ಲ, ನೀವು ಸಾವಿರ ಹೇಳ್ತೀರಿ, ಲಕ್ಷ ಹೇಳ್ತೀರಿ!” ಎಂದು ದರ್ಜಿ ಅಂಗಿಯ ಒಂದು ತೋಳು ಮಾತ್ರ ತೊಟ್ಟು ಮೇಲೆ ಬಿದ್ದ. ಅಂಚೆಯಣ್ಣ ದರ್ಜಿಯ ಪರ ನಿಂತ. ಕಂಡಕ್ಟರನ ಹೆಂಡತಿ ಇಬ್ಬರನ್ನೂ ಬೈದಳು. ಗೇಟಿನ ಹೊರಗೆ ಮೋಟಾರು ಬೈಕು ಬಂದು ನಿಂತದ್ದು ಯಾರಿಗೂ ಕೇಳಿಸಲಿಲ್ಲ.

ಭಾವ ಬೈಕಿನ ಹಿಂದೆ ಒಂದು ಮೂಟೆ ಗೋಧಿ ಕಟ್ಟಿಕೊಂಡು ಬಂದಿದ್ದರು. ಹೇಗೂ ಬರುತ್ತೇನಲ್ಲ, ಮನೆಯ ಗೋಧಿಯನ್ನೂ ಬೀಸಿಸಿಕೊಂಡು ಹೋದರಾಯಿತು ಎಂದು. ಅವರು ಒಳಗೆ ಕಾಲಿಟ್ಟು ಕಂಡದ್ದು ಮೂರು: ಬಾಗಿಲ ಮೇಲೆ ಉರಿಯುತ್ತಿರುವ ಕೆಂಪು ದೀಪ, ಅದರ ಕೆಳಗೆ ಬೆಳಗಿನಿಂದ ತಿರುಗದೆ ತಣ್ಣಗೆ ಕೂತ ಗಿರಣಿ, ಅಂಗಳದ ನಡುವೆ ಡಬ್ಬಿಯನ್ನು ತಬ್ಬಿಕೊಂಡು ನಿಂತ ತಂಗಿಯ ಗಂಡ.

“ಕರೆಂಟಿದೆ,” ಎಂದರು ಭಾವ ನಿಧಾನವಾಗಿ. “ಕರೆಂಟಿದ್ದೂ ಕಲ್ಲು ನಿಂತಿದೆ.”

“ಭಾವ, ಅದು ಸಾಲು… ಮೂರು ಸಲಕ್ಕೊಮ್ಮೆ ವಾಪಸ್ ಬಂದುಬಿಡ್ತು…”

“ಕೈ ಕೊಡಿ.”

ಆಯ್ತಪ್ಪನವರು ತಮ್ಮ ಕೈ ಚಾಚಿದರು.

“ಬೀಗದ ಕೈ ಕೊಡಿ ಅಂದೆ!”

ಸೊಂಟದ ದಾರದಿಂದ ಬೀಗದ ಕೈ ಬಿಚ್ಚುವುದಕ್ಕೆ ಆಯ್ತಪ್ಪನವರಿಗೆ ಬಹಳ ಹೊತ್ತು ಹಿಡಿಯಿತು. ಗಂಟು ಬಿಗಿದುಕೊಂಡಿತ್ತು. ಎಲ್ಲರೂ ನೋಡುತ್ತ ನಿಂತರು. ಮೇಷ್ಟ್ರು ಕೂಡ ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದರು. ಕೊನೆಗೆ ಹೆಂಡತಿ ಬಂದು, ಅಣ್ಣನ ಮುಖ ನೋಡದೆ, ಹಲ್ಲಿನಿಂದ ಗಂಟು ಸಡಿಲಿಸಿ ಕೊಟ್ಟಳು.

“ಸಾಲು ಅಂತೆ, ಲೆಕ್ಕ ಅಂತೆ!” ಎಂದು ಭಾವ ತೋಳು ಮಡಚಿದರು. “ಗಿರಣಿ ನಡೆಸೋದಕ್ಕೆ ಎರಡು ಕೈ ಇದ್ರೆ ಸಾಕು. ಯಾವುದು ಹತ್ತಿರ ಇದೆಯೋ ಅದನ್ನ ಎತ್ತೋದು, ಹಾಕೋದು. ಮುಗೀತು!”

ಎಂಟೂ ಜನ ಒಟ್ಟಿಗೆ ‘ನಂದು ಮೊದಲು’ ಎಂದು ನುಗ್ಗಿದರು. ಎಂಟು ಎಂದೆನೇ? ಏಳು. ಖಾರದಮ್ಮ ಮೆಟ್ಟಿಲಿಂದ ಎದ್ದು ದಾರಿ ಬಿಟ್ಟಳಷ್ಟೆ. ಗಿರಣಿಯ ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅವಳ ಡಬ್ಬಿ. ಭಾವ ಅದನ್ನೇ ಎತ್ತಿಕೊಂಡರು.

“ಭಾವ, ಅದು ಮೆಣಸಿನಕಾಯಿ. ಅದಕ್ಕೆ ಕಲ್ಲು ಸಡಿಲ ಮಾಡಿ, ಹಿಟ್ಟು ಬೀಳೋ ಕಡೆ ಬಟ್ಟೆ ಕಟ್ಟಿ…”

“ನೀವು ಸುಮ್ಮನಿರಿ. ಇನ್ನು ಇಲ್ಲಿ ನಿಮ್ಮದೇನೂ ಇಲ್ಲ. ಮೆಣಸಿನಕಾಯಿ ಆದ್ರೇನು, ಗೋಧಿ ಆದ್ರೇನು, ಕಲ್ಲಿಗೆ ಎಲ್ಲಾ ಒಂದೇ.”

ಭಾವ ಸ್ವಿಚ್ಚು ಹಾಕಿ, ಡಬ್ಬಿಯನ್ನು ಗಿರಣಿಯ ಬಾಯಿಗೆ ಪೂರ್ತಿ ಸುರಿದರು. ಗೋಧಿಗೆಂದು ಬಿಗಿದಿದ್ದ ಕಲ್ಲು ಮೊದಲು ಗುರುಗುಟ್ಟಿತು. ಆಮೇಲೆ, ಆಯ್ತಪ್ಪನವರು ಆ ಗಿರಣಿಯಲ್ಲಿ ಎಂದೂ ಕೇಳಿರದ ಒಂದು ಸದ್ದು ಮಾಡಿತು. ಆಮೇಲೆ ಬಾಗಿಲಿನಿಂದ ಒಂದು ಕೆಂಪು ಮೋಡ ಹೊರಬಂತು.

ಮೋಡದ ಮುಂದೆ ಭಾವ ಬಂದರು. ಅವರು ಬರುತ್ತಿದ್ದದ್ದು ಯಾವ ಕಡೆಗೆಂದು ಅವರಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಹನ್ನೊಂದು ಸಲ ಸೀನಿದರು. ಎಣಿಸಿದವನು ದರ್ಜಿ, ಆದರೆ ಅವನಿಗೂ ಹನ್ನೆರಡನೆಯದು ತನ್ನದೋ ಮೇಷ್ಟ್ರದ್ದೋ ತಿಳಿಯಲಿಲ್ಲ. ಅಂಚೆಯಣ್ಣ ಕಾಗದದ ಚೀಲವನ್ನು ತಲೆಗೆ ಹಾಕಿಕೊಂಡ. ಇಡೀ ಅಂಗಳ ಕೆಮ್ಮಿತು, ಅತ್ತಿತು.

“ನಿಲ್ಲಿಸಿ! ಯಾರಾದ್ರೂ ನಿಲ್ಲಿಸ್ರೀ ಅದನ್ನ!” ಎಂದು ಭಾವ ಕಣ್ಣು ಮುಚ್ಚಿಕೊಂಡೇ ಗಾಳಿಯಲ್ಲಿ ತಡಕಾಡಿದರು. ಕೈಗೆ ಸಿಕ್ಕಿದ್ದು ಆಯ್ತಪ್ಪನವರ ಭುಜ. “ಯಾರು? ನೀವಾ? ಹಿಡೀರಿ, ಹಿಡೀರಿ ಇದನ್ನ.” ಬೀಗದ ಕೈಯನ್ನು ಅವರ ಅಂಗೈಗೆ ಒತ್ತಿದರು. “ನಿಮ್ಮ ಗಿರಣಿ, ನಿಮ್ಮ ಕಲ್ಲು, ನೀವು ಏನಾದ್ರೂ ಮಾಡ್ಕೊಳ್ಳಿ. ನಂಗೆ ಮೊದಲು ಕಣ್ಣಿಗೆ ನೀರು ಕೊಡಿಸಿ!”

ಆಯ್ತಪ್ಪನವರು ಟವಲನ್ನು ತೊಟ್ಟಿಯಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋದರು. ಸದ್ದು ಕೇಳಿಕೊಂಡೇ ಕಲ್ಲನ್ನು ಸಡಿಲ ಮಾಡಿದರು, ಬಟ್ಟೆಯ ಚೀಲ ಕಟ್ಟಿದರು, ನಡುನಡುವೆ ಎರಡು ಬೆರಳಿಗೆ ಪುಡಿ ತೆಗೆದುಕೊಂಡು ಉಜ್ಜಿ ನೋಡಿದರು. ಹತ್ತು ನಿಮಿಷದಲ್ಲಿ ಮೋಡ ಇಳಿಯಿತು. ಖಾರದಮ್ಮ ಒಬ್ಬಳೇ, ಇಡೀ ಅಂಗಳದಲ್ಲಿ ಕಣ್ಣಲ್ಲಿ ಹನಿ ನೀರಿಲ್ಲದೆ, ಬಾಗಿಲಲ್ಲಿ ಕಾದು ನಿಂತಿದ್ದಳು. ನಲವತ್ತು ವರ್ಷದ ಅಭ್ಯಾಸ. ತನ್ನ ಡಬ್ಬಿಯ ಪುಡಿಯನ್ನು ಬೆರಳ ತುದಿಯಿಂದ ನಾಲಗೆಗೆ ಮುಟ್ಟಿಸಿಕೊಂಡಳು.

“ನುಣ್ಣಗಿದೆ ಅಳಿಯಂದ್ರೇ. ನಾಳೆ ಸಂತೆ ಇದೆ, ಬರ್ತೀನಿ,” ಎಂದು ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು, ಕಣ್ಣುಜ್ಜಿಕೊಳ್ಳುತ್ತಿದ್ದ ಊರಿನವರ ನಡುವೆ ಹಾದು ಹೊರಟುಹೋದಳು.

ಗಿರಣಿ ತಿರುಗುತ್ತಿತ್ತು. ಗಂಟೆ ಹನ್ನೊಂದಾಗಿತ್ತು. ಎರಡು ತಾಸು ಕರೆಂಟು ಬಾಕಿ ಇತ್ತು. ಆಯ್ತಪ್ಪನವರು ಟವಲು ಸರಿಸಿ ಬಾಗಿಲಲ್ಲಿ ನಿಂತು ಕೇಳಿದರು: “ಮುಂದಿನದು ಯಾರದ್ದು?”

ಯಾರೂ ಅಲ್ಲಾಡಲಿಲ್ಲ.

“ಮೇಷ್ಟ್ರೇ, ನೀವು ಸಾಲಿನಲ್ಲಿ ಮೊದಲನೆಯವರು,” ಎಂದ ದರ್ಜಿ ಮೂಗೊರೆಸಿಕೊಂಡು, ಬಹಳ ಗೌರವದಿಂದ. “ಎಂಬತ್ನಾಲ್ಕು ಸುತ್ತೂ ನೀವೇ ಮೊದಲು. ಲೆಕ್ಕ ಸುಳ್ಳಾಗಬಾರದು. ಬನ್ನಿ.”

“ಛೆ ಛೆ, ಬೆಳಗಿನಿಂದ ಡಬ್ಬಿ ಹೊತ್ತವನು ನೀನು. ದುಡಿದವನಿಗೆ ಮೊದಲು. ಏಳಪ್ಪ, ನೀನು ಹಾಕ್ಸು.”

“ನಿಮ್ಮ ಮುಂದೆ ನಾನು ಹಾಕಿಸೋದಾ? ನಿಮ್ಮ ಕೈಯಲ್ಲಿ ಅಕ್ಷರ ಕಲಿತವನು ನಾನು. ನಾಲಗೆ ಬಿದ್ದುಹೋಗುತ್ತೆ.”

“ಹೆಂಗಸರಿಗೆ ಮೊದಲು ಬಿಡೋಣ,” ಎಂದ ಅಂಚೆಯಣ್ಣ ಚೀಲದೊಳಗಿಂದ.

“ಗಂಡಸರೆಲ್ಲ ನಿಂತಿರುವಾಗ ನಾವು ಮುಂದೆ ಹೋಗೋದಾ? ಛೀ, ಎಲ್ಲಾದರೂ ಉಂಟೇ!” ಎಂದಳು ಕಂಡಕ್ಟರನ ಹೆಂಡತಿ, ತನ್ನ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳುತ್ತ.

ಅಂಗಳದಲ್ಲಿ ಅಂಥ ವಿನಯ ಹಿಂದೆಂದೂ ಕಂಡಿರಲಿಲ್ಲ. ಒಬ್ಬೊಬ್ಬರೂ ಇನ್ನೊಬ್ಬರ ವಯಸ್ಸು, ಓದು, ಕಷ್ಟಸುಖ, ಮನೆಯಲ್ಲಿ ಕಾಯುತ್ತಿರುವ ಮಕ್ಕಳು ಎಲ್ಲವನ್ನೂ ನೆನೆಸಿಕೊಂಡು ಡಬ್ಬಿಗಳನ್ನು ಒಂದೊಂದೇ ಗೇಣು ಹಿಂದಕ್ಕೆ ಸರಿಸಿಕೊಂಡರು. ಸಾಲು ಗೇಟು ದಾಟಿ ರಸ್ತೆಗೆ ಇಳಿಯುವುದರಲ್ಲಿತ್ತು.

ಕೊನೆಗೆ ಮೇಷ್ಟ್ರ ಕಣ್ಣು ಬೈಕಿನ ಮೇಲಿದ್ದ ಮೂಟೆಯ ಮೇಲೆ ಬಿತ್ತು. ಅವರು ಗಂಟಲು ಸರಿಮಾಡಿಕೊಂಡರು. “ಅಲ್ಲ, ನಾವು ಎಂಥ ಜನ! ಗಿರಣಿಯ ಯಜಮಾನರು ಅಷ್ಟು ದೂರದಿಂದ ಗೋಧಿ ತಂದಿದ್ದಾರೆ. ಅವರನ್ನ ಕಾಯಿಸಿಟ್ಟು ನಮ್ಮದು ಹಾಕಿಸಿಕೊಳ್ಳೋದಾ?”

“ಸರಿಯಾದ ಮಾತು! ಯಜಮಾನರದ್ದೇ ಮೊದಲು!”

“ಯಜಮಾನರದ್ದೇ!”

ಏಳು ಬಾಯಿ ಒಂದೇ ಮಾತು ಹೇಳಿದ್ದು ಆ ಅಂಗಳದಲ್ಲಿ ಅದೇ ಮೊದಲು. ಯಾರೋ ಓಡಿಹೋಗಿ ಮೂಟೆಯ ಹಗ್ಗ ಬಿಚ್ಚಿದರು, ಯಾರೋ ಹೆಗಲು ಕೊಟ್ಟರು. ಭಾವ ತೊಟ್ಟಿಯ ಬಳಿ ಕುಕ್ಕರಗಾಲಲ್ಲಿ ಕೂತು, ಎರಡು ಕಣ್ಣಿಗೂ ಒದ್ದೆ ಬಟ್ಟೆ ಒತ್ತಿಕೊಂಡಿದ್ದರು. ತಂಗಿ ಚೊಂಬಿನಿಂದ ನೀರು ಹನಿಸುತ್ತಿದ್ದಳು. ಜಯಕಾರ ಕಿವಿಗೆ ಬಿದ್ದು ಅವರು ತಲೆಯೆತ್ತಿದರು. ಕಣ್ಣು ತೆರೆಯಲಾಗಲಿಲ್ಲ, ಮುಖ ಮಾತ್ರ ಅರಳಿತು.

“ಕೇಳಿಸ್ತೇನ್ರೀ?” ಎಂದರು ಗಿರಣಿಯ ಕಡೆಗೆ ತಿರುಗಿ. “ನೀವು ಇಷ್ಟು ವರ್ಷ ಇಲ್ಲಿದ್ದೀರಿ, ಒಂದು ದಿನವಾದ್ರೂ ಈ ಜನರಿಂದ ಇಂಥ ಮರ್ಯಾದೆ ತಗೊಂಡಿದ್ದೀರಾ?”

ಆಯ್ತಪ್ಪನವರು ಮೂಟೆಯ ಬಾಯಿ ಬಿಚ್ಚಿದರು. ಒಂದು ಗಳಿಗೆ ಕಲ್ಲಿನ ಸದ್ದಿಗೆ ಕಿವಿಗೊಟ್ಟರು, ಕೂದಲೆಳೆಯಷ್ಟು ಬಿಗಿ ಮಾಡಿದರು, ಭಾವನ ಗೋಧಿಯನ್ನು ಸುರಿದರು.